ಟೋ ಹಸಿರು, ಕ್ಯಾಸ್ಟರ್ ಖಾಲಿ: ಎತ್ತರಿಸಿದ ಪಿಕಪ್ ಯಾಕೆ ನೆಟ್ಟಗೆ ಓಡಲ್ಲ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ರೈತ. ಕಬ್ಬಿನ ಗದ್ದೆ ಇದೆ, ಒಂದು ಆಲೆಮನೆ ಇದೆ. ಇಸುಜು ವಿ-ಕ್ರಾಸ್ ಫೋರ್ ಬೈ ಫೋರ್ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಗದ್ದೆ ದಾರಿಯಲ್ಲಿ ಗಾಡಿ ಕೆಳಗೆ ತಾಗುತ್ತದೆ ಎಂದು ಮುಂದಿನ ಸಸ್ಪೆನ್ಷನ್‌ಗೆ 2 ಇಂಚಿನ ಸ್ಪೇಸರ್ ಹಾಕಿಸಿದೆ. ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಮೊದಲು 52 ಸೆಂ.ಮೀ. ಇತ್ತು, ಈಗ 60.5 ಇದೆ. ಆಮೇಲೆ ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ, ಎರಡು ಸಲ ಮೈಸೂರಿನಲ್ಲಿ, ಒಂದು ಸಲ ಮಂಡ್ಯದಲ್ಲಿ. ಆದರೂ 80 ದಾಟಿದರೆ ಗಾಡಿ ಅತ್ತಿತ್ತ ಅಲೆಯುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸ್ವಲ್ಪ ಎಡಕ್ಕೂ ಎಳೆಯುತ್ತದೆ. 4000 ಕಿ.ಮೀ. ಒಳಗೆ ಮುಂದಿನ ಎರಡೂ ಟೈರುಗಳ ಹೊರ ಅಂಚು ಸವೆದಿದೆ. ಹಂಪ್ ಇಳಿಯುವಾಗ ‘ಟಕ್’ ಎಂಬ ಸದ್ದು. ಅಲೈನ್‌ಮೆಂಟ್ ಮಾಡಿದವರು ‘ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ಕೊನೆಯ ರಿಪೋರ್ಟಿನ ಫೋಟೊ ಕಳಿಸಿದ್ದೇನೆ. ನಾನು ಇನ್ನೇನು ಮಾಡಿಸಬೇಕು?

ಉತ್ತರ: ಮೊದಲಿಗೆ ಒಂದು ಮಾತು. ಅಳತೆ ಬರೆದು ಕಳಿಸಿದ್ದಕ್ಕೆ ತುಂಬ ಥ್ಯಾಂಕ್ಸ್. ‘ಗಾಡಿ ಒಂಥರಾ ಓಡುತ್ತದೆ ಸಾರ್’ ಎಂದಷ್ಟೇ ಬರೆಯುವವರೇ ಜಾಸ್ತಿ. ನಿಮ್ಮ 52 ಮತ್ತು 60.5 ನೋಡಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿಬಿಟ್ಟಿತು.

ನೀವು 2 ಇಂಚು ಎತ್ತಿಸಿದ್ದೇನೆ ಅಂದುಕೊಂಡಿದ್ದೀರಿ. ಆದರೆ 60.5ರಲ್ಲಿ 52 ಕಳೆದರೆ ಎಷ್ಟು? ಎಂಟೂವರೆ ಸೆಂಟಿಮೀಟರ್. ಅಂದರೆ 3.3 ಇಂಚು. ನಿಮಗೆ ಸ್ಪೇಸರ್ ಮಾರಿದವರು ಸುಳ್ಳು ಹೇಳಿಲ್ಲ, ತುಂಡು 2 ಇಂಚಿನದ್ದೇ ಇರಬೇಕು. ಅದು ಕೂರುವ ಜಾಗದಲ್ಲಿ ಲೆಕ್ಕ ತಪ್ಪಿದೆ.

ನಿಮ್ಮ ಗಾಡಿಯ ಮುಂದೆ ಇರುವುದು ಡಬಲ್ ವಿಶ್‌ಬೋನ್. ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೆ ನಿಂತಿರುತ್ತವೆ. ಆ ಶಾಕ್‌ನ ಕೆಳತುದಿ ಚಕ್ರದ ಹತ್ತಿರ ಇರುವುದಿಲ್ಲ. ಕೆಳಗಿನ ಆರ್ಮಿನ ಅರ್ಧ ದಾರಿಯಲ್ಲಿ, ಇಲ್ಲವೇ ಅದಕ್ಕಿಂತ ಸ್ವಲ್ಪ ಹೊರಗೆ ಕೂತಿರುತ್ತದೆ. ಮನೆ ಬಾಗಿಲು ನೆನಪಿಸಿಕೊಳ್ಳಿ. ಬಾಗಿಲಿನ ನಡುವೆ ಕೈಯಿಟ್ಟು ಒಂದು ಗೇಣು ತಳ್ಳಿದರೆ ಬಾಗಿಲಿನ ತುದಿ ಎರಡು ಗೇಣು ಹೋಗುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ಶಾಕ್‌ನ ತಲೆ ಮೇಲೆ 50 ಮಿ.ಮೀ. ತುಂಡು ಇಟ್ಟರೆ ಚಕ್ರದ ಹತ್ತಿರ 85 ಮಿ.ಮೀ. ಎತ್ತರ ಬರುತ್ತದೆ. ನಿಮಗೆ ನಿಜವಾಗಿ 2 ಇಂಚು ಬೇಕಿದ್ದರೆ ಸುಮಾರು 30 ಮಿ.ಮೀ. ತುಂಡು ಸಾಕಿತ್ತು.

ಇನ್ನು ರಿಪೋರ್ಟ್. ನೀವು ಕಳಿಸಿದ ಹಾಳೆಯಲ್ಲಿ ಟೋ ಎರಡೂ ಕಡೆ ಹಸಿರು ಬಣ್ಣ ತೋರಿಸುತ್ತಿದೆ. ಸರಿ. ಕ್ಯಾಂಬರ್ ಎಡಕ್ಕೆ ಪ್ಲಸ್ 1.3, ಬಲಕ್ಕೆ ಪ್ಲಸ್ 0.9, ಎರಡೂ ಕೆಂಪು. ಕ್ಯಾಸ್ಟರ್ ಕಾಲಂನಲ್ಲಿ ಏನಿದೆ? ಏನೂ ಇಲ್ಲ. ಬರೀ ಗೆರೆ. ಅಂದರೆ ಅದನ್ನು ಅಳೆದೇ ಇಲ್ಲ. ಮೂರು ಸಲ ದುಡ್ಡು ಕೊಟ್ಟಿದ್ದೀರಿ, ಮೂರು ಸಲವೂ ನಿಮಗೆ ಸಿಕ್ಕಿರುವುದು ಬರೀ ಟೋ. ನಿಮ್ಮ ಗಾಡಿ ಅಲೆಯುತ್ತಿರುವುದು ಆ ಖಾಲಿ ಕಾಲಂನಿಂದ ಎಂದು ನನಗೆ ಹೆಚ್ಚು ಕಡಿಮೆ ಖಾತ್ರಿ.

ಈ ಮೂರು ಹೆಸರು ಪದೇ ಪದೇ ಬರುತ್ತವೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಟೋ ಅಂದರೆ ನಾವು ನಡೆಯುವಾಗ ಪಾದ ಇಡುವ ರೀತಿ. ಕೆಲವರ ಬೆರಳು ಒಳಕ್ಕೆ ತಿರುಗಿರುತ್ತವೆ, ಕೆಲವರದ್ದು ಹೊರಕ್ಕೆ. ಗಾಡಿಯನ್ನು ಮೇಲಿನಿಂದ ನೋಡಿದರೆ ಎರಡು ಮುಂಚಕ್ರಗಳ ಮೂಗು ಒಳಕ್ಕಿದ್ದರೆ ಟೋ ಇನ್, ಹೊರಕ್ಕಿದ್ದರೆ ಟೋ ಔಟ್. ಟೈರ್ ತಿನ್ನುವುದರಲ್ಲಿ ಇದೇ ನಂಬರ್ ಒನ್. ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಟೈರಿನ ವ್ಯಾಸ 750 ಮಿ.ಮೀ. ಇದೆ ಅನ್ನಿ. ಒಟ್ಟು ಟೋ ಬರೀ 3 ಮಿ.ಮೀ. ತಪ್ಪಿದೆ ಅನ್ನಿ. ಆಗ ಒಂದು ಕಿಲೋಮೀಟರಿಗೆ ಪ್ರತಿ ಟೈರು 2 ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ನೀವು ಮೈಸೂರು ಮುಟ್ಟುವ ಹೊತ್ತಿಗೆ ಒಂದೊಂದು ಟೈರನ್ನೂ 90 ಮೀಟರ್ ಅಡ್ಡಕ್ಕೆ ಎಳೆದಿರುತ್ತೀರಿ. ಮರಳು ಕಾಗದದ ಮೇಲೆ ರಬ್ಬರ್ ಎಳೆದ ಹಾಗೆ.

ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ತಲೆ ಹೊರಕ್ಕೆ ವಾಲಿದೆಯೋ ಒಳಕ್ಕೆ ವಾಲಿದೆಯೋ ಅನ್ನುವುದು. ಹೊರಕ್ಕಿದ್ದರೆ ಪ್ಲಸ್. ನಿಮ್ಮದು ಎರಡೂ ಪ್ಲಸ್, ಅದಕ್ಕೇ ಹೊರ ಅಂಚು ಮೊದಲು ಸವೆದಿದೆ. ಎಡ ಚಕ್ರ ಜಾಸ್ತಿ ವಾಲಿದೆ, ಅದಕ್ಕೆ ಗಾಡಿ ಎಡಕ್ಕೆ ಎಳೆಯುತ್ತದೆ. ಪ್ಲಸ್ ಕ್ಯಾಂಬರ್ ಯಾವ ಕಡೆ ಹೆಚ್ಚೋ ಆ ಕಡೆಗೆ ಗಾಡಿ ಎಳೆಯುತ್ತದೆ. ನೀರು ಹರಿದು ಹೋಗಲಿ ಎಂದು ನಮ್ಮ ರಸ್ತೆಗಳೂ ಎಡ ಅಂಚಿಗೆ ಇಳಿಜಾರಾಗಿಯೇ ಇರುತ್ತವೆ. ಎರಡೂ ಸೇರಿಕೊಂಡವು.

ಕ್ಯಾಸ್ಟರ್ ಸ್ವಲ್ಪ ಸೂಕ್ಷ್ಮ. ಸೈಕಲ್ಲನ್ನು ಪಕ್ಕದಿಂದ ನೋಡಿ. ಹ್ಯಾಂಡಲ್ ತಿರುಗುವ ಕಂಬ ನೆಟ್ಟಗೆ ನಿಂತಿರುವುದಿಲ್ಲ, ಅದರ ತಲೆ ಸವಾರನ ಕಡೆಗೆ ವಾಲಿರುತ್ತದೆ. ನಿಮ್ಮ ಪಿಕಪ್‌ನಲ್ಲಿ ಪ್ರತಿ ಆರ್ಮಿನ ಹೊರತುದಿಯಲ್ಲಿ ಒಂದು ಗುಂಡು ಕೀಲು ಇರುತ್ತದೆ, ಅದೇ ಬಾಲ್ ಜಾಯಿಂಟ್. ಮೇಲಿನ ಬಾಲ್ ಜಾಯಿಂಟ್‌ನಿಂದ ಕೆಳಗಿನ ಬಾಲ್ ಜಾಯಿಂಟ್‌ಗೆ ಒಂದು ಗೆರೆ ಎಳೆದರೆ ಅದೂ ಹೀಗೇ ಹಿಂದಕ್ಕೆ ವಾಲಿರಬೇಕು. ಆ ಗೆರೆಯನ್ನು ಕೆಳಕ್ಕೆ ಮುಂದುವರಿಸಿದರೆ ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ನೆಲ ಮುಟ್ಟುತ್ತದೆ. ಹಾಗಾಗಿ ಟೈರು ಹಿಂದೆ ಹಿಂದೆ ಎಳೆದುಕೊಂಡು ಬರುತ್ತದೆ. ಹಗ್ಗ ಕಟ್ಟಿ ಎಳೆದ ವಸ್ತು ತಾನಾಗಿ ನೆಟ್ಟಗಾಗುವ ಹಾಗೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ಕೈಯಲ್ಲೇ ಜಾರಿಕೊಂಡು ನಡುವಿಗೆ ಬರುತ್ತದಲ್ಲ, ಅದರ ಮುಖ್ಯ ಕಾರಣ ಇದು. ನೇರ ರಸ್ತೆಯಲ್ಲಿ ಗಾಡಿ ಹಿಡಿತವಾಗಿ ಓಡುವುದಕ್ಕೂ ಇದೇ ಕಾರಣ. ಕ್ಯಾಸ್ಟರ್ ಕಮ್ಮಿ ಆದರೆ ಟೈರ್ ಅಷ್ಟೇನೂ ಸವೆಯುವುದಿಲ್ಲ. ಬಹುಶಃ ಅದಕ್ಕೇ ಯಾರೂ ಇದರ ಕಡೆ ತಿರುಗಿ ನೋಡುವುದಿಲ್ಲ. ಆದರೆ ಸ್ಟೀರಿಂಗ್ ಸತ್ತುಹೋಗುತ್ತದೆ. ನೀವು ಬರೆದಿರುವ ಎರಡು ಲಕ್ಷಣ, 80 ದಾಟಿದರೆ ಅಲೆಯುವುದು ಮತ್ತು ಸ್ಟೀರಿಂಗ್ ವಾಪಸ್ ಬಾರದಿರುವುದು, ಎರಡೂ ಇದನ್ನೇ ಹೇಳುತ್ತಿವೆ.

ಹಾಗಾದರೆ ಗಾಡಿ ಎತ್ತಿದರೆ ಈ ಮೂರೂ ಯಾಕೆ ಕೆಡುತ್ತವೆ? ಆರ್ಮುಗಳು ನೆಟ್ಟಗೆ ಮೇಲೆ ಕೆಳಗೆ ಹೋಗುವುದಿಲ್ಲ, ಕಮಾನಿನಲ್ಲಿ ತೂಗುತ್ತವೆ. ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಇಬ್ಬರು ಬೇರೆ ಬೇರೆ ಉದ್ದದ ಹಗ್ಗದಲ್ಲಿ ಜೋಕಾಲಿ ಆಡಿದ ಹಾಗೆ. ಚಾಸಿಯನ್ನು 85 ಮಿ.ಮೀ. ಮೇಲೆತ್ತಿದಾಗ ಎರಡೂ ಆರ್ಮುಗಳ ಹೊರತುದಿ ಕೆಳಗೆ ಇಳಿಯುತ್ತದೆ, ಆದರೆ ಒಂದೇ ಸಮ ಇಳಿಯುವುದಿಲ್ಲ. ಚಕ್ರದ ತಲೆ ವಾಲುತ್ತದೆ, ಬಾಲ್ ಜಾಯಿಂಟ್‌ಗಳ ಗೆರೆಯ ಓರೆಯೂ ಬದಲಾಗುತ್ತದೆ. ಅದರ ಪಕ್ಕದಲ್ಲಿ ಸ್ಟೀರಿಂಗ್ ರ‍್ಯಾಕಿನಿಂದ ಬರುವ ಟೈ ರಾಡ್ ಮೂರನೆಯ ಉದ್ದದ್ದು, ಅದರ ಕಮಾನೇ ಬೇರೆ. ಅದು ಚಕ್ರದ ಮೂಗನ್ನು ಎಳೆಯುತ್ತದೆ, ಇಲ್ಲವೇ ತಳ್ಳುತ್ತದೆ. ಒಳಕ್ಕೋ ಹೊರಕ್ಕೋ ಅನ್ನುವುದು ರ‍್ಯಾಕ್ ಆಕ್ಸಲ್‌ಗಿಂತ ಮುಂದಿದೆಯೋ ಹಿಂದಿದೆಯೋ ಅನ್ನುವುದರ ಮೇಲೆ ನಿಂತಿದೆ. ಟೈ ರಾಡ್ ಹೀಗೆ ಓರೆಯಾಗಿ ಇಳಿಬಿದ್ದಾಗ ಇನ್ನೊಂದು ಕಾಟವೂ ಶುರುವಾಗುತ್ತದೆ. ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಟೋ ಬದಲಾಗುತ್ತದೆ. ಸ್ಟೀರಿಂಗ್ ನೀವು ಅಲ್ಲಾಡಿಸದಿದ್ದರೂ ಗಾಡಿ ತಾನೇ ಸಣ್ಣಗೆ ತಿರುಗುತ್ತದೆ. ನಿಂತ ಗಾಡಿಯ ಟೋ ಎಷ್ಟೇ ಹಸಿರಾಗಿದ್ದರೂ ಓಡುವ ಗಾಡಿಯಲ್ಲಿ ಅದು ಹಸಿರಾಗಿ ಉಳಿಯುವುದಿಲ್ಲ.

ಈಗ ಇಡೀ ಕಥೆಯ ಗಂಟು ಎಲ್ಲಿದೆ ಹೇಳುತ್ತೇನೆ. ಕೆಳಗಿನ ಆರ್ಮ್ ಚಾಸಿಗೆ ಎರಡು ಕಡೆ ಸೇರಿಕೊಳ್ಳುತ್ತದೆ, ಮುಂದೊಂದು ಬುಷ್, ಹಿಂದೊಂದು ಬುಷ್. ಈ ಜಾತಿಯ ಹಲವು ಗಾಡಿಗಳಲ್ಲಿ ಆ ಬೋಲ್ಟುಗಳ ಜೊತೆ ಕ್ಯಾಮ್, ಅಂದರೆ ತೂತು ನಡುವಿನಲ್ಲಿ ಇಲ್ಲದ ಬಿಲ್ಲೆ, ಇರುತ್ತದೆ. ಬೋಲ್ಟ್ ತಿರುಗಿಸಿದರೆ ಆರ್ಮಿನ ಬುಡ ಒಳಗೆ ಹೊರಗೆ ಸರಿಯುತ್ತದೆ. ಕೆಲವು ಗಾಡಿಗಳಲ್ಲಿ ಇದರ ಬದಲು ಮೇಲಿನ ಆರ್ಮಿನ ಹಿಂದೆ ಶಿಮ್ ತಗಡು ಇರುತ್ತದೆ. ಕೆಲಸ ಅದೇ. ಪ್ಲಸ್ ಕ್ಯಾಂಬರ್ ಇಳಿಸಬೇಕೆಂದರೆ ಮುಂದಿನ ಕ್ಯಾಮ್, ಹಿಂದಿನ ಕ್ಯಾಮ್ ಎರಡನ್ನೂ ಹೊರಕ್ಕೆ ತಳ್ಳಬೇಕು. ಚಕ್ರದ ಪಾದ ಹೊರಗೆ ಬಂದು ತಲೆ ನೆಟ್ಟಗಾಗುತ್ತದೆ. ಕ್ಯಾಸ್ಟರ್ ಏರಿಸಬೇಕೆಂದರೆ ಹಿಂದಿನದನ್ನು ಹೊರಕ್ಕೆ, ಮುಂದಿನದನ್ನು ಒಳಕ್ಕೆ ಹಾಕಬೇಕು. ಆಗ ಕೆಳಗಿನ ಬಾಲ್ ಜಾಯಿಂಟ್ ಮುಂದಕ್ಕೆ ಸರಿಯುತ್ತದೆ. ಮುಂದಿನ ಕ್ಯಾಮ್ ಗಮನಿಸಿದಿರಾ? ಕ್ಯಾಂಬರ್ ಅದನ್ನು ಹೊರಕ್ಕೆ ಕರೆಯುತ್ತದೆ, ಕ್ಯಾಸ್ಟರ್ ಒಳಕ್ಕೆ ಕರೆಯುತ್ತದೆ. ಒಂದು ಕಂಬಳಿ, ಇಬ್ಬರು ಎಳೆಯುವವರು. ಕಂಪನಿಯ ಎತ್ತರದಲ್ಲಿ ಇಬ್ಬರಿಗೂ ಸಾಲುತ್ತದೆ. ಒಂದೂವರೆ, ಎರಡು ಇಂಚು ಎತ್ತಿದರೂ ಕೈಚಳಕ ಇರುವವರು ಹೇಗೋ ಸರಿದೂಗಿಸುತ್ತಾರೆ. ಮೂರು ಇಂಚು ದಾಟಿದರೆ ಕಂಬಳಿ ಗಿಡ್ಡ.

ಹಾಗಾಗಿ ನಾಲ್ಕನೇ ಸಲ ಅದೇ ಅಲೈನ್‌ಮೆಂಟ್ ಮಾಡಿಸಬೇಡಿ. ಈ ಎತ್ತರದಲ್ಲಿ ಯಾರು ಮಾಡಿದರೂ ಒಂದನ್ನು ಉಳಿಸಿ ಇನ್ನೊಂದನ್ನು ಕೈಬಿಡಬೇಕಾಗುತ್ತದೆ.

ಹಂಪ್ ಇಳಿಯುವಾಗ ಬರುವ ‘ಟಕ್’ ಬಗ್ಗೆ. ಶಾಕ್‌ನ ತಲೆ ಮೇಲೆ ತುಂಡು ಇಟ್ಟರೆ ಇಡೀ ಶಾಕ್ ಕೆಳಗೆ ಸರಿಯುತ್ತದೆ. ಚಕ್ರ ಜೋತು ಬಿದ್ದಾಗ ಆರ್ಮುಗಳು ಕಂಪನಿಯವರು ನಿಲ್ಲಿಸಿದ್ದ ಜಾಗ ದಾಟಿ ಕೆಳಗೆ ಹೋಗುತ್ತವೆ. ಮೇಲಿನ ಆರ್ಮ್ ಸ್ಪ್ರಿಂಗಿಗೆ ತಾಗಬಹುದು, ಬಾಲ್ ಜಾಯಿಂಟ್ ಅದರ ಕೊನೆ ಓರೆಗೆ ಹೋಗಿ ಬಡಿಯಬಹುದು. ಫೋರ್ ಬೈ ಫೋರ್ ಆಗಿರುವುದರಿಂದ ಮುಂದಿನ ಡ್ರೈವ್ ಶಾಫ್ಟಿನ ಜಾಯಿಂಟುಗಳೂ ಜಾಸ್ತಿ ಓರೆಯಲ್ಲಿ ತಿರುಗುತ್ತಿವೆ. ಅವುಗಳ ರಬ್ಬರ್ ಬೂಟನ್ನು ಇವತ್ತೇ ಬಗ್ಗಿ ನೋಡಿ. ಮಡಿಕೆಗಳು ಒಂದಕ್ಕೊಂದು ಉಜ್ಜಿ ಸೀಳಿದ್ದರೆ ರಿಮ್‌ನ ಒಳಭಾಗದಲ್ಲಿ ಗ್ರೀಸ್ ಸಿಡಿದಿರುತ್ತದೆ. ಗದ್ದೆ ಕೆಸರು ಆ ಸೀಳಿನಲ್ಲಿ ಹೊಕ್ಕರೆ ಜಾಯಿಂಟ್ ಹೆಚ್ಚು ದಿನ ಬಾಳುವುದಿಲ್ಲ. ಹಾಗೇ ಮುಂಭಾಗವನ್ನು ಜಾಕಿಯಲ್ಲಿ ಎತ್ತಿ, ಚಕ್ರ ಜೋತಾಡುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿಯಾಗಿ ಎಳೆದಿವೆಯಾ ನೋಡಿ. ಬಿಗಿ ಕಂಡರೆ ಗಾಡಿಯನ್ನು ಕೆಸರಿಗೆ ಇಳಿಸಬೇಡಿ.

ಈಗ ಏನು ಮಾಡುವುದು? ನನ್ನ ಸಲಹೆ ನೇರ: 50 ಮಿ.ಮೀ. ತುಂಡು ತೆಗೆಸಿ. ಒಂದೋ ಪೂರ್ತಿ ತೆಗೆಸಿ ಕಂಪನಿ ಎತ್ತರಕ್ಕೆ ಬನ್ನಿ, ಇಲ್ಲವೇ 25ರಿಂದ 30 ಮಿ.ಮೀ. ಒಳಗೆ ಇರಿ. ಇನ್ನೊಂದು ದಾರಿಯೂ ಇದೆ. ಬಾಲ್ ಜಾಯಿಂಟನ್ನು ಹಿಂದಕ್ಕೆ ಸರಿಸಿ ಮಾಡಿದ ಬೇರೆ ಮೇಲಿನ ಆರ್ಮುಗಳು ಸಿಗುತ್ತವೆ, ಅವು ಕಳೆದ ಕ್ಯಾಸ್ಟರ್ ವಾಪಸ್ ಕೊಡುತ್ತವೆ. ಒಳ್ಳೆಯವು ಅಗ್ಗ ಇಲ್ಲ. ಅಗ್ಗದವು ಒಳ್ಳೆಯವಲ್ಲ. ಅವನ್ನು ಹಾಕಿದರೂ ಡ್ರೈವ್ ಶಾಫ್ಟಿನ ಓರೆ, ಟೈ ರಾಡಿನ ಓರೆ ಹಾಗೇ ಉಳಿಯುತ್ತದೆ. ಬೆಲ್ಲದ ಗಾಡಿಗೆ ಅಷ್ಟೆಲ್ಲ ಬೇಕಾ ಅಂತ ನನಗನ್ನಿಸುತ್ತದೆ.

ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಬೇಕಿತ್ತು, ಈಗ ಕೇಳುತ್ತೇನೆ. ಗದ್ದೆ ದಾರಿಯಲ್ಲಿ ತಾಗುತ್ತಿದ್ದದ್ದು ಗಾಡಿಯ ಯಾವ ಭಾಗ? ಟ್ರ್ಯಾಕ್ಟರ್ ಓಡಾಡಿದ ಜಾಡಿನಲ್ಲಿ ನಡುವೆ ದಿಬ್ಬ ಎದ್ದಿರುತ್ತದೆ. ಅಲ್ಲಿ ಮೊದಲು ಉಜ್ಜುವುದು ಎಷ್ಟೋ ಸಲ ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು. ಅದು ಚಕ್ರದ ಜೊತೆಯೇ ಕೂತಿರುವ ಭಾಗ. ಮುಂದೆ ಸ್ಪೇಸರ್ ಹಾಕಿ, ಹಿಂದೆ ಕಮಾನು ಪಟ್ಟಿ ಸೇರಿಸಿ, ಏನೇ ಮಾಡಿ, ಆ ಗುಂಡು ನೆಲದಿಂದ ಒಂದು ನೂಲೂ ಮೇಲೇಳುವುದಿಲ್ಲ. ಅದು ಏಳಬೇಕೆಂದರೆ ಟೈರೇ ದೊಡ್ಡದಾಗಬೇಕು. ನಿಮಗೆ ತಾಗುತ್ತಿದ್ದದ್ದು ಅದೇ ಆಗಿದ್ದರೆ ಈ ಸ್ಪೇಸರಿಗೆ ಕೊಟ್ಟ ದುಡ್ಡು ನೋಟಕ್ಕೆ ಕೊಟ್ಟ ದುಡ್ಡು. ಮುಂದಿನ ಬಂಪರ್ ಅಥವಾ ಎಂಜಿನ್ ಕೆಳಗಿನ ತಗಡು ತಾಗುತ್ತಿದ್ದರೆ ಮಾತ್ರ ಮುಂಭಾಗ ಎತ್ತುವುದರಲ್ಲಿ ಅರ್ಥ ಇದೆ, ಅದಕ್ಕೂ ಒಂದೂವರೆ ಇಂಚು ಸಾಕಾಗಬಹುದು. ಸುಮ್ನೆ ಕುಂಟೆ ಹೊಡೆಸಿ ದಿಬ್ಬ ಮಟ್ಟ ಮಾಡಿಸಿದರೆ ಎಲ್ಲಕ್ಕಿಂತ ಅಗ್ಗ. ನಗಬೇಡಿ, ಒಬ್ಬರಿಗೆ ಇದನ್ನೇ ಹೇಳಿ ಕಳಿಸಿದ್ದೆ, ಅವರು ಈಗಲೂ ನನಗೆ ಬೆಲ್ಲ ತಂದು ಕೊಡುತ್ತಾರೆ.

ತುಂಡು ಬದಲಾಯಿಸುವಾಗ ಒಂದು ವಿಷಯ ನೀವೇ ನಿಂತು ನೋಡಿಕೊಳ್ಳಿ. ಇದು ನಾನು ಕೈ ಸುಟ್ಟುಕೊಂಡು ಕಲಿತದ್ದು. ನಾನು ಬನ್ನಿಮಂಟಪದ ಹತ್ತಿರ ಒಂದು ಶೆಡ್ಡಿನಲ್ಲಿ ಕೆಲಸ ಕಲಿತವನು. ಅಲ್ಲಿ ಬರುತ್ತಿದ್ದದ್ದೆಲ್ಲ ಲಾರಿ, ಟೆಂಪೋ. ಕಮಾನು ಪಟ್ಟಿ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಮೊದಲ ಸಲ ಡಬಲ್ ವಿಶ್‌ಬೋನ್ ಗಾಡಿ ಬಿಚ್ಚಿದಾಗ ಆರ್ಮಿನ ಬೋಲ್ಟುಗಳನ್ನು ಚಕ್ರ ಜೋತಾಡುತ್ತಿರುವಾಗಲೇ ಗಟ್ಟಿಯಾಗಿ ಬಿಗಿದುಬಿಟ್ಟೆ. ಆ ಬುಷ್‌ಗಳಲ್ಲಿ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿರುತ್ತದೆ. ಬೋಲ್ಟ್ ಬಿಗಿದ ಜಾಗವೇ ಅದಕ್ಕೆ ನಡು ಜಾಗ. ಜೋತಾಡುವಾಗ ಬಿಗಿದರೆ ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ. ಸ್ವಲ್ಪ ದಿನ ಗಾಡಿ ಇನ್ನೂ ಎತ್ತರ ಕಾಣುತ್ತದೆ, ಗಡುಸಾಗಿ ಓಡುತ್ತದೆ. ಆಮೇಲೆ ಬುಷ್ ಹರಿಯುತ್ತದೆ, ಅಲೈನ್‌ಮೆಂಟ್ ಹಾರಿಹೋಗುತ್ತದೆ. ಆ ಗಾಡಿಯ ಓನರ್ ಆರು ತಿಂಗಳಲ್ಲಿ ವಾಪಸ್ ಬಂದು ನನ್ನನ್ನು ಬೈದದ್ದು ಇನ್ನೂ ಕಿವಿಯಲ್ಲಿದೆ. ಸರಿಯಾದ ಕ್ರಮ ಅಂದರೆ ಬೋಲ್ಟುಗಳನ್ನು ಕೈ ಬಿಗಿ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಮುಂಭಾಗವನ್ನು ನಾಲ್ಕಾರು ಸಲ ಅದುಮಿ ಕೂರಿಸಿ, ಕೊನೆಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಬೇಕು. ಕ್ಯಾಮ್ ಬೋಲ್ಟುಗಳನ್ನು ಅಲೈನ್‌ಮೆಂಟ್ ಆದ ಮೇಲೆ, ಅದೇ ಎತ್ತರದಲ್ಲಿ. ಕ್ಯಾಮ್ ಬೋಲ್ಟ್ ತುಕ್ಕು ಹಿಡಿದು ಬುಷ್‌ನ ಕೊಳವೆಗೆ ಕಚ್ಚಿಕೊಂಡಿದ್ದರೂ ಆಶ್ಚರ್ಯ ಇಲ್ಲ. ‘ಕ್ಯಾಂಬರ್ ಬರಲ್ಲ ಸಾರ್’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ತುಕ್ಕು.

ಅಲೈನ್‌ಮೆಂಟಿಗೆ ಹೋಗುವ ಮುಂಚೆ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್ ಆಟ ಇದೆಯಾ ನೋಡಿಸಿ. ಟೈರಿನ ಗಾಳಿ ಸರಿ ಮಾಡಿಸಿ. ಆಟ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿದರೆ ಅಲುಗಾಡುವ ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ. ನೀವು ಸಾಮಾನ್ಯವಾಗಿ ಎಷ್ಟು ಲೋಡ್ ಹಾಕಿ ಓಡಿಸುತ್ತೀರೋ ಅದಕ್ಕೆ ಹತ್ತಿರ ಇರುವ ಸ್ಥಿತಿಯಲ್ಲೇ ಮಾಡಿಸಿ. ಗಾಡಿ ಹಿಂದೆ ನಾಲ್ಕು ಮೂಟೆ ಸದಾ ಇರುತ್ತದೆ ಎಂದರೆ ಅದು ಇರಲಿ.

ಅಂಗಡಿಯಲ್ಲಿ ಸುಮ್ನೆ ಕೂತು ಟೀ ಕುಡಿಯಬೇಡಿ, ಹತ್ತಿರ ನಿಲ್ಲಿ. ಕ್ಯಾಸ್ಟರ್ ಅಳೆಯಬೇಕೆಂದರೆ ಮುಂಚಕ್ರಗಳು ತಿರುಗುವ ತಟ್ಟೆಗಳ ಮೇಲೆ ನಿಂತಿರಬೇಕು. ಹುಡುಗ ಒಳಗೆ ಕೂತು ಸ್ಟೀರಿಂಗನ್ನು ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ನಿಧಾನವಾಗಿ ತಿರುಗಿಸಬೇಕು. ಸ್ಕ್ರೀನ್ ನೋಡಿಕೊಂಡು ಹೇಳಿದಷ್ಟೇ ತಿರುಗಿಸಿ ನಿಲ್ಲಿಸುತ್ತಾನೆ. ಈ ಎಡ ಬಲ ತಿರುಗಿಸುವ ಕೆಲಸ ಆಗಲಿಲ್ಲ ಎಂದರೆ ಕ್ಯಾಸ್ಟರ್ ಅಳೆದಿಲ್ಲ ಎಂದೇ ಅರ್ಥ. ಇದೊಂದು ಗುರುತು ಇಟ್ಟುಕೊಂಡರೆ ಸಾಕು, ಯಾರೂ ನಿಮಗೆ ಟೋಪಿ ಹಾಕಲಾರರು. ಅಂಗಡಿಯವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಬರುವ ಗಾಡಿಗಳಲ್ಲಿ ಜಾಸ್ತಿ ಸಣ್ಣ ಕಾರು. ಅವುಗಳಲ್ಲಿ ಬಹುಪಾಲಿಗೆ ಮುಂದೆ ಟೋ ಬಿಟ್ಟು ಬೇರೆ ಅಡ್ಜಸ್ಟ್‌ಮೆಂಟ್ ಕಂಪನಿಯೇ ಕೊಟ್ಟಿರುವುದಿಲ್ಲ. ಕೈ ಅದಕ್ಕೇ ಪಳಗಿರುತ್ತದೆ. ವಿಕ್ರಾಂತ್ ಟೈರ್ಸ್ ಕಾಲದಿಂದ ಟೈರ್ ವಾಸನೆ ಕುಡಿದು ಬೆಳೆದ ಊರು ಮೈಸೂರು, ಕೆಲಸ ಗೊತ್ತಿರುವವರು ಖಂಡಿತ ಇದ್ದಾರೆ. ಹೆಬ್ಬಾಳ, ಮೇಟಗಳ್ಳಿ ಕಡೆ ದೊಡ್ಡ ಗಾಡಿಗಳ ಕೆಲಸ ಮಾಡುವವರನ್ನು ಹುಡುಕಿ, ‘ಕ್ಯಾಸ್ಟರ್ ಅಡ್ಜಸ್ಟ್ ಮಾಡ್ತೀರಾ?’ ಎಂದು ಮೊದಲೇ ಕೇಳಿ. ‘ಅದೆಲ್ಲ ಬೇಕಾಗಲ್ಲ ಸಾರ್’ ಎಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಕ್ರಮ ಹೀಗಿರಲಿ. ಮೊದಲು ಹಿಂದಿನ ಆಕ್ಸಲ್ ನೆಟ್ಟಗೆ ಕೂತಿದೆಯಾ ನೋಡಬೇಕು. ಅದು ಓರೆ ಇದ್ದರೆ ಗಾಡಿ ಏಡಿಯ ಹಾಗೆ ಅಡ್ಡ ಓಡುತ್ತದೆ, ಸ್ಟೀರಿಂಗ್ ವಕ್ರ ನಿಲ್ಲುತ್ತದೆ. ಆಮೇಲೆ ಕ್ಯಾಸ್ಟರ್ ಮತ್ತು ಕ್ಯಾಂಬರ್ ಒಟ್ಟೊಟ್ಟಿಗೆ, ಸ್ವಲ್ಪ ಇದು ಸ್ವಲ್ಪ ಅದು. ಟೋ ಕೊನೆಗೆ, ಸ್ಟೀರಿಂಗನ್ನು ನೆಟ್ಟಗೆ ಕಟ್ಟಿ ನಿಲ್ಲಿಸಿಕೊಂಡು. ಕ್ಯಾಂಬರ್ ಅಲ್ಲಾಡಿದರೆ ಟೋ ಅಲ್ಲಾಡುತ್ತದೆ, ಅದಕ್ಕೇ ಅದು ಕೊನೆ. ಎರಡೂ ಬದಿಯ ಕ್ಯಾಸ್ಟರ್ ಹತ್ತಿರ ಹತ್ತಿರ ಇರಬೇಕು. ಕಮ್ಮಿ ಇರುವ ಕಡೆಗೆ ಗಾಡಿ ಎಳೆಯುತ್ತದೆ. ರಸ್ತೆಯ ಎಡ ಇಳಿಜಾರಿಗೆ ಪರಿಹಾರವಾಗಿ ಕೆಲವರು ಎಡಗಡೆ ಸ್ವಲ್ಪವೇ ಸ್ವಲ್ಪ ಜಾಸ್ತಿ ಇಡುತ್ತಾರೆ. ಅದು ಅನುಭವಿಗಳ ಕೆಲಸ, ಒತ್ತಾಯ ಮಾಡಬೇಡಿ. ಕಂಬಳಿ ಇನ್ನೂ ಗಿಡ್ಡವೇ ಅನ್ನಿಸಿದರೆ, ಕ್ಯಾಂಬರ್ ಹಸಿರು ಪಟ್ಟಿಯ ಅಂಚಿಗೆ ಬಂದರೂ ಸಾಕು, ಉಳಿದದ್ದನ್ನೆಲ್ಲ ಕ್ಯಾಸ್ಟರಿಗೆ ಕೊಡಿ ಎಂದು ಹೇಳಿ. ಸ್ವಲ್ಪ ಕ್ಯಾಂಬರ್ ತಪ್ಪಿದರೆ ಹೋಗುವುದು ಟೈರಿನ ಅಂಚು. ಕ್ಯಾಸ್ಟರ್ ತಪ್ಪಿದರೆ ನಾಲೆ ಏರಿ ಮೇಲಿನ ರಸ್ತೆಯಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಹೋಗುವುದು ಬೇರೆ.

ಎಡಕ್ಕೆ ಎಳೆಯುವುದು ಕ್ಯಾಂಬರ್ ಸರಿಯಾದ ಮೇಲೂ ಉಳಿದರೆ ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ ಓಡಿಸಿ. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದ್ದು. ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಮಾತ್ರ ಹೀಗೆ ಮಾಡಬೇಡಿ. ಸವೆದ ಅಂಚಿನ ಮೇಲೆ ಅಂಗೈ ಅಡ್ಡಕ್ಕೆ ಆಡಿಸಿಯೂ ನೋಡಿ. ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸದ ಹಲ್ಲು ತಾಗಿದ ಹಾಗಿದ್ದರೆ ಟೋ ಕೂಡ ಪಾಲು ತೆಗೆದುಕೊಂಡಿದೆ ಎಂದರ್ಥ. ನುಣ್ಣಗೆ ಓರೆಯಾಗಿ ಸವೆದಿದ್ದರೆ ಬರೀ ಕ್ಯಾಂಬರ್.

ಮನೆಯಲ್ಲೂ ಒಂದಿಷ್ಟು ಅಳೆಯಬಹುದು. ಕಣದಂಥ ಸಮ ನೆಲ ಬೇಕು. ಎರಡೂ ಮುಂಟೈರುಗಳ ಹಿಂಬದಿಯಲ್ಲಿ, ಹಬ್‌ನ ಎತ್ತರಕ್ಕೆ, ಟೈರಿನ ನಡುಗೆರೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟೇಪ್ ಹಿಡಿದು ಗುರುತಿನಿಂದ ಗುರುತಿಗೆ ಎಷ್ಟು ಎಂದು ಬರೆದುಕೊಳ್ಳಿ. ಗಾಡಿಯನ್ನು ಮುಂದಕ್ಕೆ ತಳ್ಳಿ, ಗುರುತುಗಳು ಅರ್ಧ ಸುತ್ತು ತಿರುಗಿ ಮುಂಬದಿಗೆ ಅದೇ ಎತ್ತರಕ್ಕೆ ಬರಲಿ. ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಒಟ್ಟು ಟೋ. ಮುಂದಿನ ಅಳತೆ ಕಮ್ಮಿ ಇದ್ದರೆ ಟೋ ಇನ್. ಕ್ಯಾಂಬರಿಗೆ ಗಾರೆ ಕೆಲಸದವರ ತೂಗುಗುಂಡು ಸಾಕು. ದಾರ ಇಳಿಬಿಟ್ಟು ರಿಮ್‌ನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಎಷ್ಟು ದೂರ ನೋಡಿ. ಎರಡು ಅಂಚಿನ ನಡುವೆ 45 ಸೆಂ.ಮೀ. ಇದ್ದರೆ 8 ಮಿ.ಮೀ. ವ್ಯತ್ಯಾಸಕ್ಕೆ ಒಂದು ಡಿಗ್ರಿ. ಮಿಷನ್ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆದರೆ ಏನೋ ಕೆಟ್ಟಿದೆ ಅನ್ನುವುದು ಟೈರ್ ಸವೆಯುವ ಮುಂಚೆಯೇ ಗೊತ್ತಾಗುತ್ತದೆ.

ಪಕ್ಕದ ಮನೆಯವರ ಹಳೇ ಜೀಪನ್ನೂ ಹೀಗೇ ಎತ್ತಿಸೋಣ ಅಂತ ಯಾರಾದರೂ ಕೇಳಿದರೆ, ಅದರ ಲೆಕ್ಕ ಬೇರೆ ಎಂದು ಹೇಳಿ. ಮುಂದೆ ಕಮಾನು ಪಟ್ಟಿ, ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಎತ್ತಿದ ಮಾತ್ರಕ್ಕೆ ಕ್ಯಾಂಬರ್ ಬದಲಾಗುವುದಿಲ್ಲ. ಬದಲಾಗಿದ್ದರೆ ಆಕ್ಸಲ್ ಬಾಗಿದೆ ಅಥವಾ ಚಕ್ರ ತಿರುಗುವ ಗೂಟ, ಅಂದರೆ ಕಿಂಗ್‌ಪಿನ್, ಸವೆದಿದೆ. ಅಲ್ಲಿ ಕೆಡುವುದು ಕ್ಯಾಸ್ಟರ್. ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಮುಂದಿರುವ ಗಾಡಿಗೆ ಉದ್ದ ಶ್ಯಾಕಲ್ ಹಾಕಿದರೆ ಕ್ಯಾಸ್ಟರ್ ಇಳಿಯುತ್ತದೆ. ಪಟ್ಟಿಗೂ ಆಕ್ಸಲಿಗೂ ನಡುವೆ ಓರೆ ತಗಡು ಕೊಟ್ಟು ಅದನ್ನು ಸರಿಮಾಡುತ್ತಾರೆ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಓರೆಯಾಗಿ ಸ್ಟೀರಿಂಗ್ ವಕ್ರ ನಿಲ್ಲುವುದೂ ಉಂಟು.

ಕಾನೂನಿನ ಮಾತೂ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ, ಆರ್‌ಸಿಯಲ್ಲಿ ಇರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಒಂದೊಂದಕ್ಕೂ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದ್ದಾರೆ. ಅಪಘಾತ ಆದರೆ ವಿಮೆಯವರು ಮೊದಲು ಬೆರಳು ತೋರಿಸುವುದೂ ಇಂಥದ್ದಕ್ಕೇ. ಮೂರು ಚಿಲ್ಲರೆ ಇಂಚು ಎತ್ತಿದ ಗಾಡಿ ಎಂಥವರ ಕಣ್ಣಿಗೂ ಬೀಳುತ್ತದೆ.

ಕೆಲಸ ಮುಗಿಯುವವರೆಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಹತ್ತಬೇಡಿ. ಸರ್ವಿಸ್ ರಸ್ತೆಯಲ್ಲಿ 50, 60ರಲ್ಲೇ ಓಡಾಡಿ. ಅಲೈನ್‌ಮೆಂಟ್ ಆದ ಮೇಲೆ ಮೊದಲ ಪರೀಕ್ಷೆಯೂ ಅಲ್ಲೇ. ಖಾಲಿ ಜಾಗ ನೋಡಿ ನಿಧಾನಕ್ಕೆ ಪೂರ್ತಿ ತಿರುಗಿಸಿ, ಹಿಡಿತ ಸಡಿಲ ಮಾಡಿ. ಸ್ಟೀರಿಂಗ್ ನಿಮ್ಮ ಬೆರಳ ಸಂದಿಯಲ್ಲಿ ತಾನಾಗಿ ಜಾರಿ ನಡುವಿಗೆ ಬಂದರೆ ಕ್ಯಾಸ್ಟರ್ ಬಂದಿದೆ. 500 ಕಿ.ಮೀ. ಆದ ಮೇಲೆ ಬೋಲ್ಟುಗಳ ಬಿಗಿ ನೋಡಿಸಿ, ಇನ್ನೊಂದು ಸಲ ಮಿಷನ್ ಮೇಲೆ ನಿಲ್ಲಿಸಿ. ಬಿಚ್ಚಿ ಕೂರಿಸಿದ ಭಾಗಗಳು ಸ್ವಲ್ಪ ಇಳಿದು ಕೂರುತ್ತವೆ.

ಒಂದು ಮರೆತಿದ್ದೆ. ಮೂಗು ಎತ್ತಿದ ಗಾಡಿಯ ಹೆಡ್‌ಲೈಟ್ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಈ ಎಂಟೂವರೆ ಸೆಂಟಿಮೀಟರ್ ಎತ್ತಿದ ಮೇಲೆ ನೀವು ಬೆಳಕು ಇಳಿಸಿರಲಿಕ್ಕಿಲ್ಲ. ತುಂಡು ಬದಲಾಯಿಸಿದ ದಿನವೇ ಸಂಜೆ ಗೋಡೆ ಎದುರು ನಿಲ್ಲಿಸಿ ಅದನ್ನೂ ಸರಿ ಮಾಡಿಸಿ. ಹೊಸ ರಿಪೋರ್ಟ್ ಬಂದಾಗ ಫೋಟೊ ಕಳಿಸಿ, ಈ ಸಲ ಮೂರನೇ ಕಾಲಂನಲ್ಲಿ ಅಂಕಿ ಇರಲಿ.